ಬಿಳಿಕಲ್ಲಿನ ಸಿಮೆಂಟು

"ತಗೊಳ್ಳಿ, ಮೂರನೇ ಸಲ!" ದೊಡ್ಡಗಂಗಮ್ಮ ಸೆರಗಿನ ಗಂಟು ಬಿಚ್ಚಿ, ಸಣ್ಣ ಚೂರೊಂದನ್ನು ಮಾಲೂರಿನ ಹಲ್ಲಿನ ಡಾಕ್ಟರ್ ಸುಬ್ಬರಾಯಪ್ಪನವರ ಮೇಜಿನ ಮೇಲೆ ಹಾಕಿದಳು. "ಹತ್ತು ದಿನ ಏನೂ ಅಗೀಬೇಡ ಅಂದ್ರಿ. ಬರೀ ಮುದ್ದೆ ನುಂಗ್ಕೊಂಡಿದ್ದೆ. ಇವತ್ತು ಹುರಿದ ಅವರೆಕಾಳು ಒಂದೇ ಒಂದು ಕಡಿದೆ, ಅಷ್ಟೇ ಕಣಪ್ಪಾ!"

ಡಾಕ್ಟರ್ ಹಣೆ ಚಚ್ಚಿಕೊಂಡರು. ಹುಳುಕು ಹಲ್ಲಿಗೆ ತುಂಬಿದ ಸಿಮೆಂಟು ಎರಡು ಸಲ ಕಿತ್ತುಬಂದಿದ್ದರಿಂದ, ಈ ಸಲ ಗಟ್ಟಿಯಾಗಲೆಂದು ಅದಕ್ಕೆ ಟೇಕಲ್ ಬೆಟ್ಟದ ಬಿಳಿಕಲ್ಲಿನ ಪುಡಿ ಬೆರೆಸಿದ್ದರು. ಪುಡಿಯನ್ನು ಅರೆದು, ಬಟ್ಟೆಯಲ್ಲಿ ಸೋಸಿ, ಗಾಜಿನ ಮೇಲೆ ಕಲಸುವುದು ಸಹಾಯಕಿ ಆಂಜಿನಮ್ಮನ ಕೆಲಸ. "ಪುಡಿ ಕಮ್ಮಿ ಹಾಕಿದ್ಯೇನಮ್ಮಾ?" ಎಂದು ಅವಳ ಮೇಲೆ ರೇಗಿದರು. ಆಂಜಿನಮ್ಮ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದಕ್ಕೆ ಎಲೆಅಡಿಕೆಯ ಹಳೆಯ ಕಲೆ ಹತ್ತಿತ್ತು.

"ಇದು ಸಿಮೆಂಟಲ್ಲ ಸಾರ್, ಹಲ್ಲು."

ಡಾಕ್ಟರ್ ಕನ್ನಡಿ ಹಿಡಿದು ದೊಡ್ಡಗಂಗಮ್ಮನ ಬಾಯೊಳಗೆ ಇಣುಕಿದರು. ಕೆಳದವಡೆಯಲ್ಲಿ ಸಿಮೆಂಟು ಕದಲದೆ ಕೂತಿತ್ತು. ಅದಕ್ಕೆ ತಾಗುವ ಮೇಲಿನ ಹಲ್ಲು ಮುರಿದಿತ್ತು. ಅವರ ಮುಖ ಅರಳಿತು. "ನೋಡಮ್ಮಾ, ಒಂಚೂರೂ ಸವೆದಿಲ್ಲ!"

"ನಿಮ್ ಕಲ್ಲು ನಿಂತ್ಕೊಳ್ತು, ನನ್ ಹಲ್ಲು ಹೋಯ್ತಲ್ಲಪ್ಪೋ! ಅಗಿಯಕ್ಕೆ ಇನ್ ನಾಕು ಉಳಿದವೆ, ಅವನ್ನೂ ಉದುರಿಸ್ತೀರಾ?"

"ಮುರಿದಿರೋದಕ್ಕೂ ಇದನ್ನೇ ತುಂಬೋಣ. ಕಲಸಮ್ಮಾ, ಬೇಗ."

ಮೂರು ವರ್ಷದಲ್ಲಿ ಆಂಜಿನಮ್ಮ ಅವರಿಗೆ ಒಮ್ಮೆಯೂ ಎದುರಾಡಿರಲಿಲ್ಲ. ಈಗ ಪುಡಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡಳು.

"ನಾನು ಕಲಸಲ್ಲ ಸಾರ್."