ಒಂಟಿಕಾಲಿನ ಹಕ್ಕಿ

"ಹದಿನೇಳನೇ ನಂಬರಿನ ಕೋಣೆಗೆ ಒಂದು ಕಿಟಕಿ ಇದೆಯಂತಲ್ಲ, ಅದನ್ನ ತೋರಿಸಿಬಿಡಿ ಯಜಮಾನ್ರೇ. ನಂಗೆ ಬೇರೇನೂ ಬೇಡ," ಎಂದಳು ಆ ವಯಸ್ಸಾದ ಹೆಂಗಸು. ಮುಂದೆ ನಡೆಯುತ್ತಿದ್ದ ಮುದಿ ಗೈಡ್ ನಿಂತು ತಿರುಗಿದ.

ಆ ದ್ವೀಪದ ಜೈಲಿನಲ್ಲಿ ಕೈದಿಗಳ ಯಾವ ಕೋಣೆಗೂ ಕಿಟಕಿ ಇರಲಿಲ್ಲ. ಇದ್ದದ್ದು ಒಂದೇ ಕಡೆ, ಗುಮಾಸ್ತನ ಕೋಣೆಗೆ. ಆ ಗುಮಾಸ್ತ ತಾನೇ ಎಂಬುದನ್ನು ಗೈಡ್ ಈವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಜೈಲು ಮುಚ್ಚಿ ಪಾಳು ಬಿದ್ದ ಮೇಲೆ ಬಂದವನು ಎಂದೇ ಹೇಳಿಕೊಂಡು ಕಾಲ ತಳ್ಳಿದ್ದ.

"ಕಿಟಕಿ ಇದೆ ಅಂತ ಯಾರಂದ್ರು ತಾಯಿ?"

"ನಮ್ಮಣ್ಣ ಇಲ್ಲಿದ್ದ. ಆರು ವರ್ಷ ಕಾಗದ ಹಾಕ್ತಿದ್ದ. ಯಾವ ಕಾಗದ ಬಿಚ್ಚಿದ್ರೂ ಕಿಟಕಿ, ಕಡಲು."

ಗೈಡಿಗೆ ಎಲ್ಲ ನೆನಪಿತ್ತು. ಹದಿನೇಳನೇ ನಂಬರಿನವನಿಗೆ ಅಕ್ಷರ ಬರುತ್ತಿರಲಿಲ್ಲ. ಮೊದಲ ಕಾಗದವನ್ನು ಅವನು ಹೇಳಿ ಬರೆಸಿದ್ದ; ಎರಡನೇ ತಿಂಗಳಿಗೆ ಜ್ವರದಲ್ಲಿ ಹೋಗಿಬಿಟ್ಟ. ಸತ್ತ ಸುದ್ದಿ ದ್ವೀಪ ದಾಟಬಾರದು, ಮೂರು ತಿಂಗಳಿಗೊಮ್ಮೆ 'ನಾನು ಕ್ಷೇಮ' ಎಂದು ಸತ್ತವರ ಹೆಸರಿನಲ್ಲೂ ಮನೆಗೆ ಕಾಗದ ಹೋಗುತ್ತಿರಬೇಕು ಎಂದು ಮೇಲಿನವರ ಅಪ್ಪಣೆ. ಉಳಿದವರಿಗೆಲ್ಲ ಎರಡು ಸಾಲು ಗೀಚಿ ಕೈತೊಳೆದುಕೊಳ್ಳುತ್ತಿದ್ದ ಗುಮಾಸ್ತ, ಈ ಮನೆಗೆ ಮಾತ್ರ ಪುಟ ತುಂಬ ಬರೆದ. ಇವರಿಂದ ಉತ್ತರ ಬರುತ್ತಿತ್ತಲ್ಲ! ಸೋರುವ ಮಾಡಿನ ಸುದ್ದಿ, ತಂಗಿಯ ಪರೀಕ್ಷೆಯ ಸುದ್ದಿ. ಆ ಹಾಳು ಗಾಳಿಯ ನಡುವೆ ಅವನು ಅಂಚೆಯ ದೋಣಿಗೆ ಕಣ್ಣು ಕೀಲಿಸಿ ಕೂರುತ್ತಿದ್ದ.

ಮೆಟ್ಟಿಲ ಕೆಳಗಿನ ಕತ್ತಲ ಗೂಡೇ ಹದಿನೇಳು. ಅದರ ಮುಂದೆ ಅವನು ಹೆಜ್ಜೆ ಚುರುಕು ಮಾಡಿದ. ಅವಳನ್ನು ನೇರ ಮೇಲೆ, ತನ್ನ ಹಳೆಯ ಆಫೀಸಿಗೆ ಕರೆದೊಯ್ದ. ಸೂರು ಕುಸಿದಿತ್ತು. ಕಿಟಕಿಯ ಚೌಕಟ್ಟು ಮಾತ್ರ ಗಟ್ಟಿಯಾಗಿ ನಿಂತಿತ್ತು. ಅವಳು ಅದರ ಕಟ್ಟೆಯ ಮೇಲೆ ಕೈಯಿಟ್ಟು ಕಡಲನ್ನು ನೋಡುತ್ತ ನಿಂತಳು. ಅವನು ಪಕ್ಕಕ್ಕೆ ಬಂದು ಹೊರಗೆ ಬೆರಳು ಮಾಡಿದ.

"ಅಲ್ನೋಡಿ, ಆ ಮೋಟುಗೋಡೆ. ಆ ಒಂಟಿಕಾಲಿನ ಹಕ್ಕಿ ಅಲ್ಲೇ ಬಂದು ನಿಲ್ತಿತ್ತು."

ಅವಳು ತಿರುಗಲಿಲ್ಲ. "ಹಕ್ಕಿ ವಿಷಯ ನಾನು ಎತ್ತಲೇ ಇಲ್ಲವಲ್ಲ."

ಕೆಳಗಿನಿಂದ ದೋಣಿಯವನು ಕೂಗಿದ: "ಬೇಗ ಬನ್ರಪ್ಪೋ! ಗಾಳಿ ಎದ್ರೆ ಇವತ್ತು ಎಲ್ರಿಗೂ ಇಲ್ಲೇ ಜೈಲು!" ಯಾರೋ ನಕ್ಕರು.

"ನಾವು ಮೀನು ಹಿಡಿಯೋ ಜನ," ಎಂದಳು ಅವಳು. "ಕಡಲ ಹಕ್ಕಿ ಒಂದು ಕಾಲನ್ನ ಹೊಟ್ಟೆಗೆ ಮಡಚಿಕೊಂಡು ನಿಲ್ಲುತ್ತೆ ಅನ್ನೋದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನಮ್ಮಣ್ಣ ಅದನ್ನ ನೋಡಿ 'ಪಾಪ, ಒಂದೇ ಕಾಲು' ಅಂತ ಬರೆಸ್ತಾನಾ? ಎರಡನೇ ಕಾಗದದಲ್ಲಿ ಆ ಸಾಲು ಓದಿದೆ ನೋಡಿ, ಅಮ್ಮ ಕೈಲಿದ್ದ ಬಲೆ ಕೆಳಗಿಟ್ಟಳು. 'ಇನ್ನೊಂದ್ಸಲ ಓದೇ' ಅಂದ್ಲು. ಓದಿದೆ. ಅವತ್ತು ನಮ್ಮನೇಲಿ ಒಲೆ ಹಚ್ಚಲಿಲ್ಲ."

"ಗೊತ್ತಿದ್ದೂ... ಅಷ್ಟು ವರ್ಷ ಉತ್ತರ ಹಾಕಿದ್ರಲ್ಲ?"

"ಅಮ್ಮ ಬರೆಸ್ತಿದ್ಲು. 'ಯಾರೋ ಇನ್ನೊಬ್ಬ ಕೈದಿ ಕಣೇ, ತನ್ನೋರು ಅಂತ ಇಲ್ಲದೋನು. ನಾವು ನಿಲ್ಲಿಸಿಬಿಟ್ರೆ ಆ ಮಗು ಏನು ಮಾಡ್ಕೊಳ್ಳುತ್ತೋ' ಅನ್ನೋಳು."

"ನಾನು... ಕೈದಿ ಆಗಿರಲಿಲ್ಲ ತಾಯಿ."

ಅವಳ ಬೆರಳು ಕಲ್ಲಿನ ಮೇಲೆ ಇಂಗಿದ್ದ ಹಳೆಯ ಮಸಿಯ ಕಲೆಯನ್ನು ಸವರಿತು. ಗೋಡೆಯಲ್ಲಿ ಕಡತಗಳ ಹಲಗೆಗೆ ಹೊಡೆದಿದ್ದ ಮೊಳೆಗಳ ಸಾಲನ್ನು ನೋಡಿತು ಅವಳ ಕಣ್ಣು. "ಹೂಂ, ಕಾಣುತ್ತೆ," ಎಂದಳು. ಆ ಎರಡು ಮಾತಿಗೆ ಅವನು ಕುಗ್ಗಿಹೋದ.

ಇಳಿಯುವಾಗ, ಕೇಳದೆಯೇ, ಅವನು ಮೆಟ್ಟಿಲ ಕೆಳಗಿನ ಗೂಡಿನ ಮುಂದೆ ನಿಂತ. ಅವಳಿಗೆ ಅರ್ಥವಾಯಿತು. ತಲೆ ಬಗ್ಗಿಸಿ ಒಳಗೆ ಹೋದಳು. ದೋಣಿಯವನು ಮತ್ತೆರಡು ಸಲ ಕೂಗಿದ ಮೇಲೆ ಹೊರಗೆ ಬಂದಳು. ಮೊಣಕಾಲಿಗೆ ಮಣ್ಣು ಮೆತ್ತಿತ್ತು.

ದೋಣಿಗೆ ಕಾಲಿಡುವ ಮುನ್ನ ಕೇಳಿದಳು: "ಎರಡನೇ ಚಳಿಗಾಲಕ್ಕೆ ಅಮ್ಮ ಒಂದು ಸ್ವೆಟರ್ ಕಳಿಸಿದ್ಲು. ತಲುಪಿತಾ?"

ಅವನು ಹೌದೆಂದು ತಲೆಯಾಡಿಸಿದ.

"ಅಣ್ಣನ ಅಳತೆಗೆ ಹೆಣೆಯೋಕೆ ಅವಳಿಗೆ ಕೈ ಬರಲಿಲ್ಲ. ನಿಮ್ಮ ಅಳತೆ ನಮಗೆ ಗೊತ್ತಿರಲಿಲ್ಲ," ಎಂದಳು. "ತೋಳು ಸರಿಹೋಯ್ತಾ?"