ಮೊಟ್ಟೆ ಬಳಿದ ಕಾಗದ

ಹಳೆಯ ವಿಧಾನದಲ್ಲಿ ಫೋಟೊ ಮುದ್ರಿಸಲು ಕಾಗದಕ್ಕೆ ಮೊಟ್ಟೆಯ ಬಿಳಿ ಲೋಳೆ ಬಳಿಯುವಾಗಲೆಲ್ಲ ಅದರ ಹಸಿವಾಸನೆ ನನ್ನನ್ನು ಅಜ್ಜಂಪುರದ ಹಿತ್ತಿಲಿಗೆ ಒಯ್ಯುತ್ತದೆ.

ಅಜ್ಜಿಯ ಮೊದಲ ಪುಣ್ಯತಿಥಿಯ ಹಿಂದಿನ ದಿನವದು. ಅಕ್ಕನ ನೆನಪಿನೊಡನೆ ತಾಳೆ ನೋಡಿದ್ದೇನೆ. ಅಜ್ಜಿಯ ಚಿತ್ರವೆಂದು ಉಳಿದಿದ್ದ ಒಂದೇ ಗಾಜಿನ ನೆಗೆಟಿವ್ ಅನ್ನು ಚಿಕ್ಕಪ್ಪ ಅಂಥ ಕಾಗದದ ಮೇಲಿಟ್ಟು, ಚೌಕಟ್ಟು ಬಿಗಿದು ಬಿಸಿಲಿಗೆ ಒಡ್ಡಿದ್ದ.

ಮೊಟ್ಟೆಯ ಸಿಪ್ಪೆ ಕಂಡ ಅಜ್ಜ, “ಶಿವಪೂಜೆ ಮಾಡೋ ಮನೇಲಿ ಮೊಟ್ಟೆ ಒಡೀತೀಯೇನ್ಲೇ?” ಎಂದು ಬಾರುಕೋಲಿನಿಂದ ಅವನ ಬೆನ್ನು ಸೀಳಿದ.

“ತಿನ್ನಕ್ಕಲ್ಲ ಅಪ್ಪಯ್ಯ, ಅವ್ವನ ಫೋಟೊಕ್ಕೆ,” ಎನ್ನುವಷ್ಟರಲ್ಲಿ ಅಜ್ಜ ಚೌಕಟ್ಟನ್ನು ಒರಳಿಗೆ ಅಪ್ಪಳಿಸಿದ್ದ, ಗಾಜು ಪುಡಿಯಾಗಿತ್ತು.

ಚೂರುಗಳ ನಡುವೆ ಬಿದ್ದ ಕಾಗದದಲ್ಲಿ ಅಜ್ಜಿಯ ಮುಖ ಆಗಲೇ ಮೂಡಿತ್ತು. ಅಜ್ಜ ಅದನ್ನೆತ್ತಿ ನೋಡುತ್ತಲೇ ನಿಂತ.

“ಬಿಸಿಲಲ್ಲಿ ಹಿಡೀಬೇಡಿ, ಇನ್ನೂ ಮದ್ದಲ್ಲಿ ತೊಳೆದಿಲ್ಲ, ಮುಖ ಕರ್ರಗಾಗೋಗ್ತದೆ,” ಎಂದ ಚಿಕ್ಕಪ್ಪ, ಬಿದ್ದಲ್ಲಿಂದಲೇ.

ಅಜ್ಜ ಆ ಕಾಗದವನ್ನು ಅಂಗಿಯೊಳಗೆ, ಎದೆಯ ಮೇಲಿನ ಲಿಂಗದ ಪಕ್ಕಕ್ಕೆ ತುರುಕಿಕೊಂಡ.