ಮುರೀತು

ಅಪ್ಪ ಕಲಿಸಿದಂತೆ ಅದಿರು ಕರಗಿಸಿ ಮೌನೇಶಪ್ಪ ತೆಗೆದಿದ್ದ ಉಕ್ಕಿನ ಗಟ್ಟಿಯೊಂದನ್ನು ಕಾಲೇಜಿನ ಮೇಡಂ ಪರೀಕ್ಷೆಗೆ ಒಯ್ದಿದ್ದರು. ತಡೆಯಲಾರದೆ ಅವನೇ ಫೋನ್ ಮಾಡಿದ.

"ಗಟ್ಟಿ ಕೊಯ್ದು, ಸರಳು ಮಾಡಿ, ಮಷೀನಿಗೆ ಹಾಕಿ ಎಳದ್ವಿ ಅಜ್ಜಾರ. ಮುರೀತು. ಉಳಿದದ್ದು ಬಂದು ಹೇಳ್ತೀನಿ."

ಇಷ್ಟು ವರ್ಷ ಊರಿಗೆಲ್ಲ ಮುರಿಯುವ ಉಕ್ಕು ಕೊಟ್ಟೆನಲ್ಲ ಎಂದು ಅವನಿಗೆ ಅನ್ನ ಸೇರಲಿಲ್ಲ. ಮನೆಮನೆಗೆ ಹೋಗಿ, ಕೈಮುಗಿದು, ತಾನು ಮಾಡಿಕೊಟ್ಟ ಕುಡುಗೋಲುಗಳನ್ನು ವಾಪಸು ಬೇಡಿದ. ಕುಲುಮೆಯನ್ನು ತನ್ನ ಕೈಯಾರೆ ಒಡೆದು ಹಾಕಿದ.

ವಾರದ ಮೇಲೆ ಮೇಡಂ ಪೇಢೆ ಹಿಡಿದು ಬಂದರು. "ಕಣ ಎಷ್ಟು ಒತ್ತಾಗಿ ಕೂತಾವ ಅಂತೀರಿ! ಕಂಪನಿ ಉಕ್ಕಿಗಿಂತ ನಿಮ್ಮದ ಗಟ್ಟಿ."

"ಮುರೀತು ಅಂದಿದ್ರಲ್ರಿ?"

"ಮುರಿಯೂತನಕ ಎಳಿಯೂದ ನಮ್ಮ ಪರೀಕ್ಷಾ, ಅಜ್ಜಾರ. ಎಲ್ಲೈತಿ, ನಿಮ್ಮ ಕುಲುಮಿ ತೋರಸ್ರಿ."